ಅವ್ವನ ಶನಿವಾರದ ಎಣ್ಣೆ

ಅವ್ವನ ಕೈಯ ವೇಗವನ್ನು ನಾನು ಕಿವಿಯಿಂದಲೇ ಅಳೆಯುತ್ತಿದ್ದೆ. ಫೋರ್ಟ್ ಪೇಟೆಯ ಒಂದು ಕಚೇರಿಯಲ್ಲಿ ಅವಳು ಟೈಪಿಸ್ಟ್. ಮುಗಿಯದ ಕೆಲಸವನ್ನು ಕುರ್ಲಾದ ನಮ್ಮ ಚಾಳಿನ ಖೋಲಿಗೂ ತರುತ್ತಿದ್ದಳು. ಮನೆಯ ಹಳೆಯ ಟೈಪ್‌ರೈಟರ್ ಓಡತೊಡಗಿದರೆ ಮೇಜಿನ ಮೇಲಿನ ಲೋಟಗಳೂ ಕುಣಿಯುತ್ತಿದ್ದವು. ಶನಿವಾರ ಬಂತೆಂದರೆ ಅದರ ಧೂಳು ಝಾಡಿಸಿ, ಹೊಲಿಗೆ ಮಶೀನಿನ ಎಣ್ಣೆಯನ್ನೇ ಅದಕ್ಕೂ ಎರಡು ಹನಿ ಬಿಡುತ್ತಿದ್ದಳು.

ತೊಂಬತ್ತರ ದಶಕದ ಆರಂಭದಲ್ಲಿ ಅವಳ ಕಚೇರಿಗೆ ಕಂಪ್ಯೂಟರ್ ಬಂತು. ಟೈಪಿಸ್ಟರಿಗೆಲ್ಲ ಅದರ ಮೇಲೆ ಪರೀಕ್ಷೆ. ಪಾಸಾಗದವರು ಹಳೆಯ ಫೈಲುಗಳ ಕೋಣೆಗೆ. ಅವ್ವ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನಾಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಎಲ್ಲ ಬಲ್ಲೆನೆಂಬ ಹಮ್ಮಿನಲ್ಲಿದ್ದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗಗಳನ್ನು ಕೊಂಡು, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಎದೆಗವಚಿಕೊಂಡು ತಂದು, ಅವಳ ಅಭ್ಯಾಸಕ್ಕೆಂದು ಮನೆಯಲ್ಲೇ ಒಂದು ಕಂಪ್ಯೂಟರ್ ಜೋಡಿಸಿದೆ. ಪ್ರೊಸೆಸರ್ ಕಾಯದಿರಲೆಂದು ಅದರ ನೆತ್ತಿಯ ಮೇಲೊಂದು ಪುಟ್ಟ ಫ್ಯಾನು ಇತ್ತು. ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಹಾಕಿರಲಿಲ್ಲ. ಜೋಡಿಸುವ ಹುಚ್ಚು ಹತ್ತಿದವರು ಯಾರೂ ಹಾಕುವುದಿಲ್ಲ.

ಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ ಅವ್ವ ಕೂತು ಸ್ವಲ್ಪ ಹೊತ್ತಾಗುತ್ತಲೇ ಪರದೆಯ ಮೇಲಿನ ಅಕ್ಷರಗಳು ನಿಂತಲ್ಲೇ ನಿಂತುಬಿಡತೊಡಗಿದವು.

"ನಾನ ಕೆಡಿಸಿದ್ನೇನೋ ತಮ್ಮಾ? ನನ್ನ ಕೈ ಭಾಳ ಜೋರು."

"ಜೋರ ಹೊಡದ್ರ ಹಂಗೇನ ಆಗೂದಿಲ್ಲವ್ವಾ."

ಅವಳು ನಂಬಲಿಲ್ಲ. ಹಪ್ಪಳ ಒಣಗಿದೆಯೇ ಎಂದು ನೋಡುವವಳಂತೆ ಕೀಲಿಗಳನ್ನು ಮೆಲ್ಲಗೆ ಮುಟ್ಟತೊಡಗಿದಳು. ವೇಗ ಅರ್ಧಕ್ಕಿಳಿಯಿತು. ಮನೆ ಎಷ್ಟು ಸುಮ್ಮನಾಯಿತೆಂದರೆ ನನಗೆ ಅಳು ಬರುವಂತಾಗುತ್ತಿತ್ತು.

ಮೆಮೊರಿ ತೆಗೆದು ಮತ್ತೆ ಕೂರಿಸಿದೆ. ಗೆಳೆಯನ ಪವರ್ ಸಪ್ಲೈ ಎರವಲು ತಂದು ಹಾಕಿ ನೋಡಿದೆ. ಕಾಣದ ದೇವರನ್ನೂ ಕಂಡ ಅಂಗಡಿಯವನನ್ನೂ ಬೈದೆ. ಪರೀಕ್ಷೆಯ ಹಿಂದಿನ ದಿನ, ಭಾನುವಾರ, ಮುಚ್ಚಳ ತೆಗೆದಿಟ್ಟು ಟೇಬಲ್ ಫ್ಯಾನನ್ನೇ ಅದರತ್ತ ತಿರುಗಿಸಿದೆ. ಮಶೀನು ನಿಲ್ಲಲೇ ಇಲ್ಲ. ಅಂದರೆ ಇದು ಕಾವಿನ ಕಾಟ. ಬಗ್ಗಿ ನೋಡಿದರೆ ಪ್ರೊಸೆಸರಿನ ಮೇಲಿನ ಪುಟ್ಟ ಫ್ಯಾನು ತಿರುಗುತ್ತಲೇ ಇರಲಿಲ್ಲ. ಅದರ ನಡುವೆ ಕುರ್ಲಾದ ಧೂಳೆಲ್ಲ ಅಂಟಿಕೊಂಡ ಕಪ್ಪು ಜಿಡ್ಡು.

ವಾಸನೆಯಿಂದಲೇ ಗೊತ್ತಾಯಿತು, ಶನಿವಾರದ ಎಣ್ಣೆ. ಅವಳು ಹೇಳಿರಲಿಲ್ಲ, ನಿಜ. ತುಳಸಿಗೆ ನೀರು ಹಾಕಿದ್ದನ್ನು ಯಾರಾದರೂ ಹೇಳುತ್ತಾರೆಯೇ?

ಇದನ್ನು ಅವಳಿಗೆ ತಿಳಿಸುವುದು ಹೇಗೆ? ನಾನೇ ಕೆಡಿಸಿದೆ ಎಂಬ ಅಳುಕಿನಲ್ಲಿದ್ದವಳಿಗೆ ಹೌದು, ನೀನೇ ಎಂದರೆ ಉಳಿದ ಧೈರ್ಯವೂ ಹೋದೀತು. ಕಂಪ್ಯೂಟರ್ ಬಂದ್ ಮಾಡಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಫ್ಯಾನನ್ನು ಒರೆಸುತ್ತ ಕೂತೆ. ಅಷ್ಟರಲ್ಲಿ ಅವಳು ಚಹಾ ತಂದಳು.

"ಏನಾಗಿತ್ತೋ?"

"ಫ್ಯಾನ್ ಪೀಸ್ ಖರಾಬ್ ಇತ್ತವ್ವಾ. ಅಂಗಡ್ಯಾಂವ ಮೋಸ ಮಾಡ್ಯಾನ."

ಅವ್ವ ನೆಲದ ಮೇಲಿದ್ದ ಕಪ್ಪು ಹತ್ತಿಯನ್ನೆತ್ತಿ ಮೂಸಿದಳು.

"ಇದು ನನ್ನ ಎಣ್ಣಿ. ಗುಂಯ್ ಅಂತ ಒದರತಿತ್ತಂತ ವಾರಾ ವಾರಾ ಎರಡ ಹನಿ ಬಿಡ್ತಿದ್ದೆ. ಇದರಿಂದನ ನಿಂತಿತ್ತೇನು?"

"ಹೂಂ. ಎಣ್ಣಿಗೆ ಧೂಳ ಹತ್ತಿ ಫ್ಯಾನ್ ನಿಂತತಿ. ಪ್ರೊಸೆಸರ್ ಕಾದು ಬಂದ್ ಬೀಳ್ತಿತ್ತು."

"ಅಂದ್ರ ನನ್ನ ಬೆರಳಿಂದ ಅಲ್ಲ?"

"ಅಲ್ಲವ್ವಾ."

ಬೈಸಿಕೊಳ್ಳಬೇಕಾದವಳು ಬಹುಮಾನ ಸಿಕ್ಕಂತೆ ನಕ್ಕಳು. "ಹುಚ್ಚಪ್ಪಾ, ಇಷ್ಟು ಚಲೋ ಸುದ್ದಿ ಮುಚ್ಚಿಡ್ತಿದ್ದೆಲ್ಲೋ!" ಎಂದು ತಲೆಗೊಂದು ಮೊಟಕಿದಳು. ಪುಟ್ಟ ಫ್ಯಾನು ಮತ್ತೆ ತಿರುಗಿದ್ದೇ ತಡ, ಮುಚ್ಚಳ ಹಾಕಲೂ ಬಿಡದೆ ಕುರ್ಚಿ ಎಳೆದುಕೊಂಡಳು. ಮೇಜಿನ ಮೇಲೆ ನನ್ನ ಚಹಾದ ಲೋಟ ಕುಣಿಯತೊಡಗಿತು. ಚಹಾ ಆರಿ ಹೋಗುವವರೆಗೆ ಕೇಳುತ್ತ ಕೂತಿದ್ದೆ.

ಪಾಸಾದ ಸುದ್ದಿ ಬರಲು ಇನ್ನೂ ಕೆಲವು ದಿನ ಹಿಡಿಯಿತು. ಆದರೆ ಸೋಮವಾರ ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅವಳು ಹೇಳಿದ ಮಾತಿನಿಂದಲೇ ನನಗೆ ಎಲ್ಲ ತಿಳಿದಿತ್ತು.

"ಸಾಹೇಬ್ರು ಬಂದು, 'ಮೇಡಮ್, ಸಾವಕಾಶ, ಕೀಬೋರ್ಡ್ ಒಡದೀತು' ಅಂದ್ರು. ನಾ ಮತ್ತಷ್ಟು ಜೋರ ಹೊಡದೆ."