ಕೂಗುವ ಪಾಠ

ಮನೆಯವರೆಲ್ಲ ಅವಳನ್ನು ಸೈರನ್ ಅಂತಲೇ ಕರೆಯುತ್ತಿದ್ದರು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಕಡ್ಲೆಕಾಳಿಗಿಂತ ಚಿಕ್ಕ ತಿರುಪು ಬಿಗಿ ಮಾಡುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ತುಟಿ ಪಿಟಕ್ಕೆನ್ನದವಳಿಗೆ ಅದೆಂಥ ಹೆಸರು ಅಂತೀರಾ? ಇಟ್ಟವನು ಹೆತ್ತ ಅಪ್ಪನೇ.

ಅಪ್ಪ ಬಸ್ ಡ್ರೈವರ್ ಆಗಿದ್ದವನು, ಈಗ ಇವಳ ಮನೆಯಲ್ಲೇ ಇದ್ದಾನೆ. ಅವಳು ಚಿಕ್ಕವಳಿದ್ದಾಗ ಒಂದು ರಜೆಯ ದಿನ ಗುಡ್ಡದ ಮೇಲಿನ ಕೆರೆಗಳನ್ನು ತೋರಿಸಲು ಕರೆದುಕೊಂಡು ಹೋಗಿದ್ದ. ಎರಡನೇ ಕೆರೆ ದಾಟಿದರೆ ಹುಲ್ಲು ಬಯಲು. ಮೇಲೆ ನೋಡಲು ಹಸಿರು, ಕಾಲಿಟ್ಟರೆ ಕಪ್ಪು ಕೆಸರು. ಅಲ್ಲಿ ಮಂಜು ಇಳಿಯಿತು. "ಈ ಬಂಡೆ ಬಿಟ್ಟು ಕದಲಬೇಡ, ದಾರಿ ನೋಡ್ಕೊಂಡು ಬರ್ತೀನಿ" ಅಂದವನೇ ಅಪ್ಪ ಹೋದ. ಅವಳು ಬಂಡೆ ತಬ್ಬಿಕೊಂಡು ಗಂಟಲು ಹರಿಯುವ ಹಾಗೆ ಅತ್ತಳು. ಅಪ್ಪ ಬಂದ, ಇಬ್ಬರೂ ಇಳಿದರು, ಅಷ್ಟೇ ಕತೆ. ಆದರೆ ಅಪ್ಪ ಅದಕ್ಕೆ ಉಪ್ಪು ಖಾರ ಹಚ್ಚಿ ಬಂದ ನೆಂಟರಿಗೆಲ್ಲ ಬಡಿಸಿದ. "ಒಂದು ಗಳಿಗೆ ಬಿಟ್ಟು ಹೋಗಿದ್ದಕ್ಕೆ ಸೈರನ್ ಥರ ಬಾಯಿ ಬಿಟ್ಲು! ಕೆರೆಯ ಮೀನೆಲ್ಲ ದಡಕ್ಕೆ ಬಂದು ನೋಡಿದ್ವು!" ಎಲ್ಲರೂ ನಕ್ಕರು. ಅವಳೂ ನಕ್ಕಳು, ಇನ್ನೇನು ಮಾಡಿಯಾಳು.

ಈಗ ನೋಡಿ, ಅದೇ ಕೆರೆಗಳಿಗೆ ಹೋಗಬೇಕಂತೆ! ಶನಿವಾರ ಸಂಜೆ ಅವಳ ಗಂಡ, ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕುವವನು, ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ ಕೂತ. "ಬೆಳಿಗ್ಗೆ ಹೊರಟ್ರೆ ಕತ್ತಲಾಗೋದ್ರೊಳಗೆ ಮನೆ. ಏನು ಮಹಾ ಕಷ್ಟ ಇಲ್ಲ ಕಣೇ. ಮೂರು ಕೆರೆ ಸುತ್ತೋದು, ಬಯಲು ದಾಟೋದು, ಇಳಿಯೋದು."

"ದೂರದ ಬೆಟ್ಟ ನುಣ್ಣಗೆ" ಅಂದಳು. "ಸುಮ್ನಿರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಹಾಗಾಯ್ತು ನಿಮ್ಮದು."

ಆದರೂ ಅವಳ ಕೈ ಸುಮ್ಮನಿರಲಿಲ್ಲ. ಬಿಸಿನೀರಿನ ಫ್ಲಾಸ್ಕು, ಉಣ್ಣೆ ಟೋಪಿ, ಒಣಗಿದ ಕಾಲುಚೀಲ, ಟಾರ್ಚು. ಟಾರ್ಚನ್ನು ಹೊತ್ತಿಸಿ ನೋಡಿದಳು, ಚೀಲಕ್ಕೆ ಹಾಕಿದಳು, ಮತ್ತೆ ತೆಗೆದು ಹೊತ್ತಿಸಿದಳು. ಮಂಜು ಬಂದರೆ ಎರಡನೇ ಕೆರೆಯಿಂದಲೇ ವಾಪಸು ಅಂತ ಗಂಡನಿಂದ ಮಾತು ತೆಗೆದುಕೊಂಡಳು.

ಅವಳ ಭಯ ಮಂಜಿನದಲ್ಲ, ಜೊತೆಗೆ ಬರುವ ಮಗಳದು. ಹದಿಮೂರು ತುಂಬಿದ ಆ ಹುಡುಗಿ ಕೂಗುವವಳೇ ಅಲ್ಲ. ಹೋದ ವರ್ಷ ಶಾಲೆಯ ಆಟದ ಸಾಮಾನಿನ ಕೋಣೆಗೆ ಯಾರೋ ನೋಡದೆ ಬೀಗ ಹಾಕಿದರು. ಇವಳು ಒಳಗೆ. ಶಾಲೆ ಬಿಟ್ಟು, ಕಸ ಗುಡಿಸುವಾಕೆ ಬಾಗಿಲು ತೆಗೆಯುವವರೆಗೂ ಕತ್ತಲಲ್ಲಿ ಚೆಂಡುಗಳ ನಡುವೆ ಕೂತೇ ಇದ್ದಳು. ಬಾಗಿಲಾಚೆ ಜನ ಓಡಾಡುತ್ತಿದ್ದುದು ಕೇಳಿಸುತ್ತಿತ್ತಂತೆ. ಯಾಕೆ ಕೂಗಲಿಲ್ಲ ಅಂದರೆ, "ನಾಚ್ಕೆ ಆಯ್ತು. ನಂಗೂ ಸೈರನ್ ಅಂತಾರೆ" ಅಂದಳು.

ತಾಯಿಗೆ ಆಗ ತಿಳಿಯಿತು. ಊಟಕ್ಕೆ ಕೂತಾಗೆಲ್ಲ ಆ ಕತೆಗೆ ನಕ್ಕ ನಗೆ ಮಗುವಿನ ಬಾಯಿಗೆ ಬೀಗವಾಗಿತ್ತು.

ಮಗಳನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡಳು. "ನಾಳೆ ಮಂಜಲ್ಲಿ ನಾವು ಕಾಣದೇ ಹೋದ್ರೆ ಏನ್ ಮಾಡ್ತೀಯ?"

"ನಿಂತಿರ್ತೀನಿ."

"ನಿಂತ್ಕೊಂಡು?"

ಹುಡುಗಿ ಚೀಲದಿಂದ ಟಾರ್ಚು ತೆಗೆದು ತೋರಿಸಿದಳು.

"ಕೂಗ್ಬೇಕು ಕಣೇ! ಎಲ್ಲಿ, ಈಗ ಕೂಗು."

"ಅಮ್ಮ" ಅಂದಳು, ಉಪ್ಪು ಕೊಡು ಅನ್ನುವ ದನಿಯಲ್ಲಿ.

"ಮೌನ ಬಂಗಾರ ಅಂತೆ! ಆ ಬಂಗಾರ ಕೆಸರಲ್ಲಿ ಇಟ್ಕೊಂಡು ನಾನೇನ್ ಮಾಡ್ಲೇ? ಕೂಗು!"

"ಬಿಡೇ ಪಾಪ" ಅಂದ ಗಂಡ. ಅವಳು ಬಿಡಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದಳು. ಅವಳಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು, ಕಣ್ಣಲ್ಲಿ ನೀರೂ ಬಂತು. ಅದನ್ನು ನೋಡಿ ಹುಡುಗಿಗೂ ಏನಾಯಿತೋ, ಕಣ್ಣು ಮುಚ್ಚಿ ಒಮ್ಮೆ ಕಿರುಚಿದಳು. "ಅಮ್ಮಾ!"

ಪಾತ್ರೆಗಳು ಝಣ್ ಎಂದವು. ಒಳಕೋಣೆಯಲ್ಲಿ ಏನೋ ದಡ್ ಎಂದು ಬಿತ್ತು.

"ಬಂದೆ!" ಎಂಬ ಕೂಗು ಬಂತು. ಮಾತ್ರೆ ನುಂಗಿ ಸಂಜೆ ನಿದ್ದೆಗೆ ಜಾರಿದ್ದ ಅಪ್ಪನ ದನಿ. "ಅಳು ನಿಲ್ಲಿಸ್ಬೇಡ ಮಗಳೇ! ಕೂಗ್ತಾನೇ ಇರು! ನಂಗೇನೂ ಕಾಣ್ತಿಲ್ಲ, ಕಾಲು ಹೂತೋಗ್ತಿದೆ!"

ಮೂವರೂ ಓಡಿದರು. ಮುದುಕ ಮಂಚದ ಅಂಚಿನಲ್ಲಿ ಕೂತಿದ್ದ. ನೀರಿನ ತಂಬಿಗೆ ಉರುಳಿ ನೆಲವೆಲ್ಲ ಒದ್ದೆ. ಪಾದಗಳು ಆ ನೀರಲ್ಲೇ ಇದ್ದವು. ಕಣ್ಣು ತೆರೆದಿದ್ದವು, ಆದರೆ ಇವರನ್ನು ಕಾಣುತ್ತಿರಲಿಲ್ಲ. ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ತಡಕಾಡುತ್ತಿದ್ದ. "ಯಾಕೆ ಸುಮ್ನಾದೆ? ಎಲ್ಲಿದೀಯೇ? ಇನ್ನೊಂದ್ಸಲ ಅಳೇ ತಾಯಿ, ಯಾವ ಕಡೆ ಬರ್ಲಿ?"

ಆವತ್ತು ದಾರಿ ತಪ್ಪಿದ್ದವನು ಅಪ್ಪ. ಅವಳ ಅಳು ಹಿಡಿದುಕೊಂಡೇ ಬಂಡೆಗೆ ಬಂದಿದ್ದ. ಇಷ್ಟು ವರ್ಷ ಆ ಭಯವನ್ನು ನಗೆಯಡಿ ಮುಚ್ಚಿಟ್ಟಿದ್ದ. ಅವಳು ಉತ್ತರ ಕೊಡಲು ಬಾಯಿ ತೆರೆದಳು. ಸೈರನ್ನಿಗೆ ದನಿಯೇ ಹೊರಡಲಿಲ್ಲ.

ಆಗ ಪಕ್ಕದಲ್ಲಿದ್ದ ಹುಡುಗಿ ಎದೆ ತುಂಬ ಉಸಿರೆಳೆದುಕೊಂಡಳು. "ಇಲ್ಲಿ ತಾತಾ! ಈ ಕಡೆ! ಇಲ್ಲೇ ಇದೀನಿ!"

ಚಾಚಿದ ಕೈಗಳು ನಿಂತವು. ನಿಧಾನವಾಗಿ ದನಿ ಬಂದ ಕಡೆಗೆ ತಿರುಗಿದವು.

ಪಕ್ಕದ ಮನೆಯವರು ಗೋಡೆ ಬಡಿದರು. ಹುಡುಗಿ ಕೂಗುತ್ತಲೇ ಇದ್ದಳು. ಸುಮ್ಮನಿರು ಅಂತ ಅವಳಿಗೆ ಯಾರೂ ಅನ್ನಲಿಲ್ಲ.