ಹನ್ನೊಂದು ಗಂಟೆಯ ಸ್ವೆಟರ್

ಹೋದ ಮಂಗಳವಾರ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ನಾನು ತಲೆ ಸುತ್ತಿ ಬೀಳುವುದರಲ್ಲಿದ್ದೆ. ಬಿಪಿ ಅಲ್ಲ, ಶುಗರ್ ಅಲ್ಲ. ಸ್ವೆಟರ್.

ನಗಬೇಡಿ. ಶಿವರಾತ್ರಿ ಹತ್ತಿರ ಬಂದಾಗ ನಮ್ಮ ದುರ್ಗದ ಹವೆ ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಚಂದ್ರವಳ್ಳಿ ಕಡೆ ವಾಕಿಂಗ್ ಹೋದರೆ ಕಿವಿ ಮರಗಟ್ಟುತ್ತದೆ. ಮಧ್ಯಾಹ್ನ ಅದೇ ಬಂಡೆ ಮೇಲೆ ಕೈ ಇಟ್ಟರೆ ಚುರ್ ಎನ್ನುತ್ತದೆ. ಒಂದೇ ದಿನದಲ್ಲಿ ಎರಡು ಕಾಲ. ಈ ಮೈ ಯಾವುದಕ್ಕೆ ಅಂತ ಹೊಂದಿಕೊಳ್ಳಬೇಕು? ಮಕ್ಕಳಿಗೆ ನೆಗಡಿ, ದೊಡ್ಡವರಿಗೆ ಕೆಮ್ಮು, ನನ್ನಂಥವರಿಗೆ ತಲೆಭಾರ. ಡಾಕ್ಟರ ಬಳಿ ಹೋದರೆ ಹವಾ ಬದಲಾಗಿದೆ ಎನ್ನುತ್ತಾರೆ. (ನಮ್ಮಲ್ಲಿ ಅದು ದಿನಾ ಬದಲಾಗುತ್ತದೆ, ಸ್ವಾಮಿ.)

ನನ್ನ ಹೆಂಡತಿಗೆ ಅಸ್ತಮಾ ಇತ್ತು. ಹವೆ ತಿರುಗುವುದು ಎಲ್ಲರಿಗಿಂತ ಮೊದಲು ಅವಳ ಎದೆಗೆ ಗೊತ್ತಾಗುತ್ತಿತ್ತು. ಬೆಳಿಗ್ಗೆ ನಾನು ಅಂಗಡಿ ಕೆಲಸಕ್ಕೆ ಹೊರಡುವಾಗ ಸ್ವೆಟರ್ ತಂದು ಕೈಗಿಡುತ್ತಿದ್ದಳು. ಹನ್ನೊಂದರ ಹೊತ್ತಿಗೆ ಫೋನ್. ಹಲೋ ಇಲ್ಲ, ತಿಂಡಿಯ ವಿಚಾರ ಇಲ್ಲ. "ಏನ್ರಿ, ಬಿಚ್ಚಿದ್ರಾ?" ಅಷ್ಟೇ. ಸಂಜೆ ಇನ್ನೊಂದು. "ಹಾಕ್ಕಂಡ್ರಾ?" ನಾನು ಗಿರಾಕಿಗಳ ಮುಂದೆ "ಹ್ಞೂಂ" ಎಂದು ಇಡುತ್ತಿದ್ದೆ. ಬಿಸಿಲು ಏರಿತೋ ಇಳಿಯಿತೋ ಎಂದು ನಾನಾಗಿ ನೋಡಿದ್ದೇ ಇಲ್ಲ. ಅದು ಅವಳ ಖಾತೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಆ ಎದೆ ನಿಂತಿತು.

ಮಂಗಳವಾರ ನಾನು ಯಲ್ಲದಕೆರೆಗೆ ಹೊರಟಿದ್ದೆ. ಅಲ್ಲಿರುವ ಅವಳ ತಂಗಿ, ಅಕ್ಕನ ನೆನಪಿಗೆ ಒಂದೆರಡು ಸೀರೆ ಕೊಡಿ ಭಾವ ಎಂದಿದ್ದಳು. ಸೀರೆಗಳು ಚೀಲದಲ್ಲಿದ್ದವು. ಚಳಿಯಲ್ಲಿ ದುರ್ಗ ಬಿಟ್ಟು, ಹಿರಿಯೂರಿನಲ್ಲಿ ಸಣ್ಣಪುಟ್ಟ ಕೆಲಸ ಮುಗಿಸಿ ಬಸ್ಸಿಗೆ ಕಾಯುವಾಗ ನಡುಮಧ್ಯಾಹ್ನ.

ಪಕ್ಕದಲ್ಲಿ ಕುರಿ ಸಾಕುವ ಹಿರಿಯರೊಬ್ಬರು ಕುಳಿತಿದ್ದರು. ಹೆಗಲ ಮೇಲೆ ಮಡಿಸಿದ ಕರಿ ಕಂಬಳಿ. ಕೈಯಲ್ಲಿ ಆಗತಾನೇ ಸಾಣೆ ಹಿಡಿಸಿಕೊಂಡು ಬಂದ ಉಣ್ಣೆ ಕತ್ತರಿ. ಅವರೂ ಯಲ್ಲದಕೆರೆಗೇ. ಇನ್ನು ಕುರಿಗಳ ಉಣ್ಣೆ ತೆಗೆಯಬೇಕು ಎಂದರು. ಅವಸರ ಮಾಡಿದರೆ ಬೆಳಗಿನ ಥಂಡಿಗೆ ಕುರಿ ಮುದುರಿಕೊಳ್ಳುತ್ತದಂತೆ, ತಡ ಮಾಡಿದರೆ ಮಧ್ಯಾಹ್ನದ ಝಳಕ್ಕೆ ಬಾಯಿ ಬಿಡುತ್ತದಂತೆ. ನನಗೆ ಕೇಳಿಸಿದ್ದು ಅಷ್ಟೇ. ಕಣ್ಣು ಕತ್ತಲೆ ಬಂತು.

ತೋಳು ಹಿಡಿದು ನೆರಳಿಗೆ ಕರೆದೊಯ್ದು ಕೂರಿಸಿದರು. ನೀರು ಕುಡಿಸಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದ್ಯಾಕ್ರಿ ಯಜಮಾನ್ರೆ, ಈ ಬಿಸ್ಲಾಗೆ ಸ್ವೆಟರ್ ಹಾಕ್ಕಂಡು ಕುಂತೀರಿ?"

ನಿಮ್ಮ ಹತ್ತಿರವೂ ಕಂಬಳಿ ಇದೆಯಲ್ಲ ಎಂದೆ.

"ಹೆಗಲ ಮ್ಯಾಲೈತೆ. ಮೈ ಮ್ಯಾಲಲ್ಲ." ನಕ್ಕರು. "ಕುರಿಗೆ ತನ್ನ ಉಣ್ಣೆ ತಾನೇ ತಕ್ಕಣಾಕೆ ಬರಲ್ಲ, ಅದ್ಕೆ ನಾವು ಇದೀವಿ. ನಿಮಗೆ ಹೇಳೋರು ಯಾರೂ ಇಲ್ವಾ?"

ತಮಾಷೆಗೆ ಕೇಳಿದ್ದು. ನನ್ನ ಕೈ ಜೇಬಿನ ಫೋನ್ ಮೇಲೆ ಹೋಯಿತು.

"ಇದ್ಲು" ಎಂದೆ.

ಅವರು ಕತ್ತರಿಯನ್ನು ಬದಿಗಿಟ್ಟು ನನ್ನ ಸ್ವೆಟರಿನ ಗುಂಡಿ ಬಿಚ್ಚಿದರು. ಒಂದು ತೋಳು, ಆಮೇಲೆ ಇನ್ನೊಂದು. (ಕುರಿ ಹಿಡಿದು ಪಳಗಿದ ಕೈ, ಕೊಸರಾಡಲು ಬಿಡುವುದಿಲ್ಲ.) ಬೆವರಿಗೆ ಗಾಳಿ ತಗುಲಿತು. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಮುಖ ಒರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಂಡೆ. ಯಾರಿಗೆ ಗೊತ್ತಾಗುತ್ತದೆ?

ಯಲ್ಲದಕೆರೆಯಲ್ಲಿ ಬಸ್ಸಿನಿಂದ ಇಳಿದಾಗ ಅವರೇ ಸ್ವೆಟರನ್ನು ಮಡಿಸಿ ನನ್ನ ಚೀಲದಲ್ಲಿ ಸೀರೆಗಳ ಮೇಲಿಟ್ಟರು. ಹೊತ್ತು ಮುಳುಗಿದ ಕೂಡಲೇ ಹಾಕಿಕೊಳ್ಳಬೇಕು, ಬೆವರಿದ ಮೈಗೆ ಸಂಜೆಯ ಥಂಡಿ ಆಗಿಬರುವುದಿಲ್ಲ ಎಂದು ಹೇಳಿ ತಮ್ಮ ದಾರಿ ಹಿಡಿದರು. ಹೆಸರು ಕೇಳುವುದು ಮರೆತೆ.

ವಯಸ್ಸಾದಂತೆ ಮೈಗೆ ಚಳಿ, ಬಿಸಿಲು ತಡವಾಗಿ ತಿಳಿಯುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಇರಬಹುದು. ನನ್ನ ಮೈಗಂತೂ ಎಂದೂ ತಿಳಿದಿರಲಿಲ್ಲ. ಹನ್ನೊಂದಕ್ಕೆ ಫೋನ್ ಬಂದರೆ ಬಿಸಿಲು ಏರಿದೆ ಎಂದು ಅರ್ಥ. ನಿಮ್ಮ ಮನೆಯಿಂದಲೂ ಅಂಥದೊಂದು ಫೋನ್ ಬರುತ್ತದೆಯೇ? ಬಂದರೆ "ಹ್ಞೂಂ" ಎಂದು ಇಡಬೇಡಿ. ಇನ್ನೆರಡು ಮಾತಾಡಿ.

ಅಂದು ಸಂಜೆ ನಾದಿನಿಯ ಮನೆಯ ಜಗುಲಿಯ ಮೇಲೆ ಕುಳಿತಿದ್ದಾಗ ಗಾಳಿ ತಣ್ಣಗಾಯಿತು. ನಾನಾಗಿಯೇ ಎದ್ದು ಸ್ವೆಟರ್ ಹಾಕಿಕೊಂಡೆ. ಅದಕ್ಕೆ ಸೀರೆಯ ವಾಸನೆ ಹತ್ತಿತ್ತು.

ಹಾಕ್ಕಂಡೆ ಎಂದು ಯಾರಿಗಾದರೂ ಹೇಳಬೇಕಿತ್ತು, ನಿಮಗೆ ಹೇಳಿದೆ.