ಮಾವನ ಕಾಲೂ ಬಸ್ಸಿನ ಹಿಂಬಾಗಿಲೂ

ನಮ್ಮ ಸೋದರಮಾವ, ಅಂದರೆ ಅಮ್ಮನ ತಮ್ಮ, ಗುಬ್ಬಿಯಿಂದ ತುಮಕೂರಿನ ಮೇಲೆ ಕುಣಿಗಲ್ಲಿಗೆ ಹೋಗುತ್ತಿದ್ದ ಖಾಸಗಿ ಬಸ್ಸೊಂದರ ಕಂಡಕ್ಟರ್. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಗುಬ್ಬಿಯಲ್ಲಿ ಅವರ ಮನೆಯಲ್ಲೇ ಇದ್ದುಕೊಂಡು, ಅದೇ ಬಸ್ಸಿನಲ್ಲಿ ತುಮಕೂರಿನ ಕಾಲೇಜಿಗೆ ಹೋಗುತ್ತಿದ್ದೆ. ಶನಿವಾರ ಬಂತೆಂದರೆ ನನಗೆ ಹಬ್ಬ! ಮಧ್ಯಾಹ್ನಕ್ಕೇ ಕಾಲೇಜು ಬಿಡುತ್ತಿತ್ತು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮಾವನ ಬಸ್ಸು ಹತ್ತಿ, ಏನೂ ಕೆಲಸವಿಲ್ಲದಿದ್ದರೂ ಕುಣಿಗಲ್ಲಿನ ತನಕ ಹೋಗಿ ಬರುತ್ತಿದ್ದೆ. ಆ ಬಸ್ಸಿನಲ್ಲಿ ಕೇಳಿದಂಥ ಮಾತು ನನಗೆ ಕಾಲೇಜಿನಲ್ಲಿ ಒಂದು ದಿನವೂ ಸಿಕ್ಕಲಿಲ್ಲ.

ಬಸ್ಸಿನ ಹಿಂಬಾಗಿಲಿಗೆ ಚಿಲಕ ಕೂರುತ್ತಿರಲಿಲ್ಲ. ಎಷ್ಟು ಸಲ ಹಾಕಿದರೂ ಹಳ್ಳ ಸಿಕ್ಕಿದ ಕೂಡಲೇ ಧಡ್ ಎಂದು ತೆರೆದುಕೊಳ್ಳುತ್ತಿತ್ತು. ಮಾವ ಅದಕ್ಕೊಂದು ತೆಂಗಿನ ಹುರಿ ಕಟ್ಟಿ, ಬೆಳಗಿನಿಂದ ಸಂಜೆಯವರೆಗೆ ಅದನ್ನು ಹಿಡಿದು ನಿಂತಿರುತ್ತಿದ್ದರು. ಅವರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಕೂರುವ ಕಂಡಕ್ಟರನ್ನು ಕಂಡರೆ ಓನರಿಗೆ ಮೈಯೆಲ್ಲಾ ಉರಿ.

ನಿಂತೂ ನಿಂತೂ ಮಾವನ ಎಡಗಾಲಿನ ನರ ಉಬ್ಬಿಕೊಂಡಿತ್ತು. ಮೀನಖಂಡದ ಮೇಲೆ ಹಾಗಲಬಳ್ಳಿ ಹಬ್ಬಿದಂತೆ ಸುತ್ತಿ ಸುತ್ತಿ, ಅಲ್ಲಲ್ಲಿ ಗಂಟು ಕಟ್ಟಿ, ಹಿಮ್ಮಡಿಯ ಹತ್ತಿರ ಚರ್ಮ ಕಪ್ಪಾಗಿ ಒಂದೇ ನವೆ. ಒಂದು ದಿನ ಅವರು ಕುಂಟುವುದನ್ನು ಓನರ್ ನೋಡಿಬಿಟ್ಟರು.

"ನಿಂತ್ಕೊಳ್ಳೋಕಾಗ್ದಿದ್ರೆ ಈಗ್ಲೇ ಹೇಳ್ಬಿಡು. ಬೇರೆಯವ್ನನ್ನ ಹಾಕ್ತೀನಿ."

ಅಲ್ಲಿಂದ ಶುರುವಾಯಿತು ನೋಡಿ! ಮಾವನಿಗೆ ಆ ಬಸ್ಸು ಬಿಟ್ಟರೆ ಬೇರೆ ಬದುಕು ಗೊತ್ತಿರಲಿಲ್ಲ. ಕಾಲು ವಾಸಿಯಾಗಲೇಬೇಕು, ಅದೂ ರಜ ಹಾಕದೆ. ಮನೆಯಲ್ಲಿ ಅತ್ತೆ ಸೆರಗು ಕಟ್ಟಿ ನಿಂತರು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಕಟ್ಟಿದರು. ಅದಾದ ಮೇಲೆ ಬೇಯಿಸಿದ ಹುರುಳಿ. ಅದಾದ ಮೇಲೆ ಬಟ್ಟೆಯಲ್ಲಿ ಉಪ್ಪು ಕಟ್ಟಿ ಶಾಖ.

"ಅಯ್ಯಯ್ಯೋ, ಕಾಲು ಸುಡ್ತದೆ ಕಣೇ!" ಎಂದು ಮಾವ ಕಿರುಚಿದರೆ,

"ಸುಡ್ಲಿ ಬುಡ್ರೀ, ಹಂಗಾದ್ರೂ ಕರಗ್ಲಿ" ಎನ್ನುತ್ತಿದ್ದರು ಅತ್ತೆ.

ನರ ಕರಗಲಿಲ್ಲ, ಚರ್ಮಕ್ಕೆ ಬೊಬ್ಬೆ ಬಂತು. ಬಸ್ಸಿನಲ್ಲಂತೂ ಟಿಕೆಟ್ಟಿಗೊಂದು ಔಷಧಿ. ಒಬ್ಬರು ಲಕ್ಕಿ ಸೊಪ್ಪಿನ ನೀರು ಎಂದರೆ, ಇನ್ನೊಬ್ಬರು ಜಿಗಣೆ ಕಚ್ಚಿಸು ಎಂದರು. ಮತ್ತೊಬ್ಬ ಪುಣ್ಯಾತ್ಮ, ಬ್ಲೇಡಿನಲ್ಲಿ ಗೀರಿ ಕೆಟ್ಟ ರಕ್ತ ಬಿಟ್ಟುಬಿಡು ಎಂದ. "ನೀನು ಮೊದ್ಲು ಚಿಲ್ರೆ ಬಿಡಪ್ಪ" ಎಂದರು ಮಾವ.

ಒಂದು ಶನಿವಾರ ಕುಣಿಗಲ್ಲಿನ ಸ್ಟ್ಯಾಂಡಿನಲ್ಲಿ, ಕುದುರೆ ಲಾಯದಲ್ಲಿ ಕೆಲಸ ಮಾಡುವ ಒಬ್ಬರು ಬಸ್ಸು ಹತ್ತಿದರು. ದಿನಾ ನೋಡುವ ಮುಖ. ಮಾವನ ಕಾಲು ನೋಡಿ ಅವರ ಕಣ್ಣು ಅರಳಿತು.

"ಇದಾ? ಓಡೋ ಕುದ್ರೆ ಕಾಲಿಗೆ ನಾವು ದಿನಾ ಪಟ್ಟಿ ಸುತ್ತುತೀವಿ. ಕಾಲು ನೀಡಿ ಇತ್ಲಾಗೆ!"

ಚೀಲದಿಂದ ಅಗಲದ ಉಣ್ಣೆ ಪಟ್ಟಿ ತೆಗೆದು, ಮಂಡಿಯ ಕೆಳಗೆ ಶುರುಮಾಡಿ ಸರಸರ ಇಳಿಸಿ, ಹಿಮ್ಮಡಿಯ ಮೇಲೇ ತಿರುಗಿಸಿ, ಮತ್ತೆ ಮಂಡಿಗೆ ತಂದು ಬಿಗಿದು ಕಟ್ಟಿದರು. ಏನು ಕೈಚಳಕ! ಒಂದು ಮಡಿಕೆ ಸೊಟ್ಟ ಇಲ್ಲ. ಮಾವ ಕಾಲೂರಿ ಎರಡು ಸಲ ಕುಣಿದೇ ಕುಣಿದರು.

"ನೋವೇ ಇಲ್ಲ ಕಣಮ್ಮಿ!" ಎಂದರು ನನಗೆ. ಡ್ರೈವರ್ ತಿರುಗಿ ನೋಡಿ, "ಕೆನೆಯೋದೊಂದು ಬಾಕಿ ಗುರುವೇ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಗೂಳೂರು ಬರುವ ಹೊತ್ತಿಗೆ ಮಾವನ ನಗು ನಿಂತಿತ್ತು. ಪಾದ ಪಟ್ಟಿಯ ಹೊರಗಿತ್ತಲ್ಲ, ಅದು ಬೋಂಡದಂತೆ ಊದಿ, ಬೆರಳು ನೀಲಿಗೆ ತಿರುಗಿದ್ದವು. ಗೂಳೂರಿನಲ್ಲಿ ಹತ್ತಿದ ಸೊಪ್ಪು ಮಾರುವ ಅಜ್ಜಿ ಅದನ್ನು ನೋಡಿ ಕೂಗಿಕೊಂಡರು.

"ಏನ್ಲಾ ಕಂಡಕ್ಟ್ರು, ಕಾಲು ಸಾಯ್ತಾ ಐತೆ! ಏ ಡ್ರೈವರ್ರು, ಗಾಡಿ ಡಾಕ್ಟ್ರು ಶಾಪಿಗೆ ಬುಡ್ಲಾ!"

ಮಾವ ಪಟ್ಟಿ ಕಿತ್ತೆಸೆದರು. ಡ್ರೈವರ್ ಮತ್ತೆ ಎಲ್ಲೂ ನಿಲ್ಲಿಸದೆ ತುಮಕೂರಿಗೆ ಬಂದು, ಸ್ಟ್ಯಾಂಡಿಗಿಂತ ಮೊದಲೇ ಡಾಕ್ಟರ ಶಾಪಿನ ಮುಂದೆ ಬಸ್ಸು ನಿಲ್ಲಿಸಿದ. ಒಬ್ಬರಾದರೂ ಗೊಣಗಬೇಕೋ ಬೇಡವೋ? ಊಹೂಂ! ಅರ್ಧ ಬಸ್ಸು ಮಾವನ ಹಿಂದೆಯೇ ಒಳಗೆ ನುಗ್ಗಿತು. ಕಿಟಕಿಯಲ್ಲಿ ಉಳಿದರ್ಧ.

ಎಲೆ, ಶಾಖ, ಬ್ಲೇಡು, ಕುದುರೆ ಪಟ್ಟಿ ಎಂದು ಎಲ್ಲರೂ ಒಟ್ಟಿಗೇ ವರದಿ ಒಪ್ಪಿಸಿದರು. ಡಾಕ್ಟರು ವಯಸ್ಸಾದವರು, ಸಿಟ್ಟು ಮಾಡಿಕೊಳ್ಳಲಿಲ್ಲ. ಮಾವನನ್ನು ಮಲಗಿಸಿ ಕಾಲನ್ನು ಮೇಲಕ್ಕೆತ್ತಿದರು. ಹಬ್ಬಿಕೊಂಡಿದ್ದ ನರಗಳೆಲ್ಲ ನಮ್ಮ ಕಣ್ಣೆದುರಿಗೇ ಮಾಯ!

"ಹೋಗೇಬುಡ್ತು!" ಎಂದು ಕಿಟಕಿಯಿಂದ ಚಪ್ಪಾಳೆ ಬಿತ್ತು.

"ಸ್ವಲ್ಪ ತಡ್ಕೊಳ್ಳಿ" ಎಂದ ಡಾಕ್ಟರು ತೊಡೆಗೊಂದು ರಬ್ಬರ್ ಪಟ್ಟಿ ಬಿಗಿದು ಮಾವನನ್ನು ನಿಲ್ಲಿಸಿದರು. ಆಗಲೂ ನರ ಕಾಣಲಿಲ್ಲ. ಪಟ್ಟಿ ಬಿಚ್ಚಿದರು ನೋಡಿ, ತೊಡೆಯಿಂದ ಕೆಳಕ್ಕೆ ಬುಳುಬುಳು ಎಂದು ತುಂಬಿಕೊಂಡುಬಿಟ್ಟವು!

"ರಕ್ತ ಕಾಲಿಂದ ಮೇಲಕ್ಕೆ ಹತ್ಬೇಕು. ವಾಪಸ್ ಬೀಳದ ಹಾಗೆ ಈ ನಾಳದೊಳಗೆ ಸಣ್ಣ ಸಣ್ಣ ಬಾಗಿಲುಗಳಿವೆ. ನಿಮ್ಮ ಕಾಲಲ್ಲಿ ಅವು ಮುಚ್ಕೊಳ್ತಾ ಇಲ್ಲ."

"ಸಾ, ನಮ್ಮ ಬಸ್ಸಿನ ಹಿಂಬಾಗ್ಲು ಇದ್ದಂಗೆ!" ಎಂದ ಡ್ರೈವರ್.

ಡಾಕ್ಟರು ನಕ್ಕೂ ನಕ್ಕೂ ಕನ್ನಡಕ ಒರೆಸಿಕೊಂಡರು. "ಸರಿಯಾಗಿ ಹೇಳ್ದೆ. ಎಲೆ ಕಟ್ಟಿದ್ರೆ, ಎಣ್ಣೆ ಸವರಿದ್ರೆ ಹಾಯ್ ಅನ್ಸುತ್ತೆ, ಆದ್ರೆ ಬಾಗಿಲು ಮುಚ್ಚಲ್ಲ. ಶಾಖ ಬೇಡವೇ ಬೇಡ. ಬ್ಲೇಡಿನ ಮಾತು ಎತ್ತಿದೋರನ್ನ ಬಸ್ಸಿಂದ ಇಳಿಸಿ. ಪಟ್ಟಿ ಕಟ್ಟಿದ್ದು ತಪ್ಪಲ್ಲ, ಕಟ್ಟಿದ ರೀತಿ ಕುದುರೇದು. ಕುದುರೆಗೆ ಇರೋದು ಗೊರಸು, ನಿಮಗೆ ಪಾದ. ಬೆಳಗ್ಗೆ ಹಾಸಿಗೆಯಿಂದ ಇಳಿಯೋಕೆ ಮುಂಚೆ, ಬೆರಳಿನ ಬುಡದಿಂದ ಮೇಲಕ್ಕೆ ಕ್ರೇಪ್ ಬ್ಯಾಂಡೇಜ್ ಸುತ್ತಿ. ಬಿಡುವಾದಾಗೆಲ್ಲ ಕಾಲು ಮೇಲಿಡಿ. ಪೂರ್ತಿ ಗುಣ ಆಗ್ಬೇಕಂದ್ರೆ ಆಪರೇಷನ್. ಕೆಟ್ಟ ದಾರೀನ ತೊಡೆ ಹತ್ರ ಕಟ್ಟಿ ತೆಗೆದುಬಿಡ್ತಾರೆ. ರಕ್ತ ಬೇರೆ ದಾರಿ ಹಿಡಿಯುತ್ತೆ."

ಅಜ್ಜಿ ಸೀರೆಯನ್ನು ಗೇಣು ಮೇಲೆತ್ತಿ ಮುಂದೆ ಬಂದರು. "ನಂಗೂ ಐತಲ್ಲಪ್ಪ, ಜೇಡ ಬಲೆ ಕಟ್ದಂಗೆ ನೀಲಿ ಗೆರೆ. ನನ್ನೂ ಕುಯ್ತೀಯಾ?"

"ಅದು ಚರ್ಮದ ಮೇಲಿನ ಸಣ್ಣ ನಾಳ ಕಣಜ್ಜಿ. ನೋವಿಲ್ಲ ಅಂದ್ರೆ ಬಿಟ್ಬಿಡಿ, ಚೆನ್ನಾಗೇ ಕಾಣುತ್ತೆ."

ಅಜ್ಜಿ ನಾಚಿಕೊಂಡದ್ದನ್ನು ಆ ಬಸ್ಸು ಬಹಳ ದಿನ ಮರೆಯಲಿಲ್ಲ.

ಆದರೆ ಆಪರೇಷನ್ ಎಂದರೆ ವಾರಗಟ್ಟಲೆ ರಜ. ರಜ ಎಂದರೆ ಬೇರೆ ಕಂಡಕ್ಟರ್. ಮಾವ ಓನರನ್ನು ಕೇಳಲು ಹೆದರಿದರು. ಆಗ ದಾರಿ ಕಂಡುಹಿಡಿದವರು ಪ್ಯಾಸೆಂಜರುಗಳೇ. ಹಿಂದಿನ ಉದ್ದ ಸೀಟಿನ ಮೂಲೆಯಲ್ಲಿ ಮಾವನನ್ನು ಕೂರಿಸಿ, ಯಾರದೋ ರಾಗಿ ಮೂಟೆಯ ಮೇಲೆ ಕಾಲಿಡಿಸಿದರು. ಕಾಸು ಕೈಯಿಂದ ಕೈಗೆ ಹಿಂದಕ್ಕೆ, ಟಿಕೆಟ್ಟು ಚಿಲ್ಲರೆ ಕೈಯಿಂದ ಕೈಗೆ ಮುಂದಕ್ಕೆ. ಬಾಗಿಲಿನ ಹುರಿ ಹಿಡಿಯುವ ಪಾಳಿ ಬಾಗಿಲ ಬಳಿ ಕೂತವರದು. ಬೆಳಗ್ಗೆ ಅತ್ತೆ ಬೆರಳಿನ ಬುಡದಿಂದ ಬ್ಯಾಂಡೇಜ್ ಸುತ್ತಿ ಕಳಿಸುತ್ತಿದ್ದರು, ಎಕ್ಕದ ಗಿಡದ ಕಡೆ ತಿರುಗಿಯೂ ನೋಡದೆ.

ಇನ್ನೊಂದು ಶನಿವಾರ. ತುಮಕೂರಿನ ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವಾಗ ಯಾರೋ ಮುಂಬಾಗಿಲಲ್ಲಿ ಹತ್ತಿದರು. ಓನರ್! ಮಾವ ಎದ್ದೇಳಲು ಹೋದರೆ ಪಕ್ಕದ ರೈತ ಭುಜ ಅದುಮಿ ಕೂರಿಸಿದ.

"ಏನಯ್ಯಾ ಇದು, ಸಿಂಹಾಸನ?" ಎಂದು ಓನರ್ ಗುಡುಗಿದರು. "ಟಿಕೆಟ್ ಯಾರು ಕೊಡ್ತಾರೆ?"

ಬಸ್ಸಿನ ತುಂಬ ಕೈಗಳು ಮೇಲೆದ್ದವು, ಒಂದೊಂದರಲ್ಲೂ ಟಿಕೆಟ್ಟು! ಓನರ್ ಒಂದೊಂದನ್ನೇ ನೋಡುತ್ತಾ ಬಂದರು. ಇಲ್ಲದವರು ಒಬ್ಬರೂ ಸಿಗಲಿಲ್ಲ. ಕೂರೋಣವೆಂದರೆ ಅವರಿಗೆ ಸೀಟಿಲ್ಲ, ಎದ್ದು ಜಾಗ ಕೊಡುವವರೂ ಇಲ್ಲ.

ಗೂಳೂರಿನಲ್ಲಿ ಇಳಿಯುತ್ತಾ ಅಜ್ಜಿ, ತಮ್ಮ ಸೀಟಿಗೆ ಅಲ್ಲಿ ಹತ್ತಿದವರನ್ನು ಕೂರಿಸಿ, ಅಂದರು, "ಕುಣಿಗಲ್ಗಂಟ ನೀನೂ ಹಿಂಗೇ ನಿಂತ್ಕ ಸ್ವಾಮಿ. ಆಮ್ಯಾಕೆ ಮಾತಾಡು."

ಓನರ್ ನಿಂತರು. ಹಳ್ಳ ಸಿಕ್ಕಾಗಲೆಲ್ಲ ಹಿಂಬಾಗಿಲು ಧಡ್ ಎನ್ನುತ್ತಿತ್ತು, ಹುರಿ ಹಿಡಿಯುವ ಸರದಿ ಅವರಿಗೇ ಬಂತು. ಅರ್ಧ ದಾರಿಯಲ್ಲಿ ಆ ಕಾಲು ಈ ಕಾಲು ಬದಲಾಯಿಸತೊಡಗಿದರು. ಕುಣಿಗಲ್ಲಿನಲ್ಲಿ ಇಳಿದವರೇ ಬಗ್ಗಿ ಮೀನಖಂಡ ಉಜ್ಜಿಕೊಂಡರು. ನಾವೆಲ್ಲ ಕಿಟಕಿಯಿಂದ ಇಣುಕಿ ನೋಡುತ್ತಿದ್ದೆವು.

"ಹೋಗಿ ಆಪರೇಷನ್ ಮಾಡಿಸ್ಕೊಂಡ್ ಬಾ" ಎಂದರು ಓನರ್, ಮಾವನ ಮುಖ ನೋಡದೆ. "ಜಾಗ ನಿಂದೇ ಇರ್ತದೆ."

ಬಸ್ಸಿನೊಳಗೆ ಎದ್ದ ಕೂಗು ಸಂತೆಗೂ ಕೇಳಿಸಿರಬೇಕು!

ಮಾವ ವಾಸಿಯಾಗಿ ಬಂದ ದಿನ ಗುಬ್ಬಿ ಸ್ಟ್ಯಾಂಡಿನಲ್ಲೇ ಖಾಕಿ ಪ್ಯಾಂಟು ಮಂಡಿಯವರೆಗೆ ಮಡಚಿ ಎಲ್ಲರಿಗೂ ಕಾಲು ತೋರಿಸಿದರು. ಹಾಗಲಬಳ್ಳಿ ಇರಲಿಲ್ಲ. ಆಮೇಲೆ ಹಿಂಬಾಗಿಲು ಹತ್ತಿ ಹುರಿಗೆ ಕೈ ಹಾಕಿದರೆ ಹುರಿಯೇ ಇಲ್ಲ. ಓನರ್ ಹೊಸ ಚಿಲಕ ಹಾಕಿಸಿದ್ದರು. ಮಾವ ಅದನ್ನು ಎರಡು ಸಲ ತೆಗೆದು, ಎರಡು ಸಲ ಹಾಕಿ ನೋಡಿ, "ರೈಟ್ ರೈಟ್!" ಎಂದು ಕೂಗಿದರು.